ಕಳಿಸಿದರೆ ಸಾಲದು



ಪದವಿ ಮುಗಿಸಿದವರನ್ನು ಎರಡು ವರ್ಷ ಶಿಕ್ಷಕರ ಕೊರತೆಯಿರುವ ಶಾಲೆಗಳಿಗೆ ಕಳಿಸುವ ಯೋಜನೆಯನ್ನು 1989ರಲ್ಲಿ ಅಮೆರಿಕದ ವೆಂಡಿ ಕಾಪ್ ತಮ್ಮ ಕಾಲೇಜು ಪ್ರಬಂಧದಲ್ಲಿ ಬರೆದರು. ಅದೇ 'ಟೀಚ್ ಫಾರ್ ಅಮೆರಿಕ' ಆಯಿತು. 'ಟೀಚ್ ಫಾರ್ ಇಂಡಿಯಾ'ದ ಮೊದಲ ತಂಡ 2009ರಲ್ಲಿ ಮುಂಬೈ ಮತ್ತು ನಮ್ಮ ಪುಣೆಯಲ್ಲೇ ಪಾಠ ಶುರುಮಾಡಿತು. ಆದರೆ ಅದರ ಕೆಲಸ ಹೆಚ್ಚಾಗಿ ನಗರಗಳಲ್ಲಿ. ಹಳ್ಳಿಯ ಲೆಕ್ಕ ಬೇರೆ.

ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೇ ತರಗತಿಗೆ, 60 ಮಕ್ಕಳವರೆಗೆ, ಇಬ್ಬರು ಶಿಕ್ಷಕರು. ಅಂದರೆ ಕಾಯ್ದೆ ಪಾಲಿಸಿದರೂ ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳಬೇಕು. ಬಿ.ಇ., ಬಿ.ಕಾಂ. ಇದನ್ನು ಕಲಿಸುವುದಿಲ್ಲ. ಕರ್ನಾಟಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ 'ನಲಿ-ಕಲಿ'ಯಲ್ಲಿ ಬೇರೆ ಬೇರೆ ಹಂತದ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡು, ಹಾಡು, ಆಟದಿಂದ ಕಲಿಯುತ್ತಾರೆ. ಅದನ್ನು ರೂಢಿಸಿದವರು ಸರ್ಕಾರಿ ಶಾಲೆಯ ಮೇಷ್ಟ್ರುಗಳೇ. ಹೊಸಬರು ಮೊದಲು ಅಂಥವರ ಪಕ್ಕ ಕೂತು ಕಲಿಯಬೇಕು.

ಇನ್ನೊಂದು ಮಾತನ್ನು ಹೆಂಗಸರಾದ ನಾವೇ ಎತ್ತಬೇಕು. 22 ವರ್ಷದ ಹುಡುಗಿ ಹಳ್ಳಿಗೆ ಹೋದರೆ ಉಳಿಯುವುದೆಲ್ಲಿ? ಶಾಲೆಯ ಶೌಚಾಲಯದಲ್ಲಿ ನೀರಿದೆಯೇ? ಕೊನೆಯ ಬಸ್ ಎಷ್ಟು ಗಂಟೆಗೆ? ಉತ್ತರವಿಲ್ಲದಿದ್ದರೆ ಮನೆಯವರು 'ಬೇಡಮ್ಮ' ಅನ್ನುವುದು ಸಹಜ.

ಎರಡು ವರ್ಷಕ್ಕೊಮ್ಮೆ ಟೀಚರ್ ಬದಲಾದರೆ ಐದನೇ ತರಗತಿ ಮುಗಿಯುವಷ್ಟರಲ್ಲಿ ಮಗು ಮೂವರಿಗೆ ಹೊಂದಿಕೊಳ್ಳಬೇಕು. ಇಂಥ ಕೆಲಸಕ್ಕೆ ದೇಣಿಗೆ ಕೊಡುವಾಗ ಮೂರು ಪ್ರಶ್ನೆ ಕೇಳೋಣ: ತರಬೇತಿ ಎಷ್ಟು ದಿನ? ಉಳಿಯಲು ಮನೆ ಯಾರು ನೋಡಿದ್ದಾರೆ? ಇವರು ಹೊರಟ ಮೇಲೆ ಆ ಮಕ್ಕಳು ಯಾರ ಕೈಗೆ?