ಮಿಸಿಸಿಪ್ಪಿಯ ಎಂಬತ್ತೇಳು

ಇಂದು ಹಳೆಯದೊಂದು ಚುನಾವಣೆಯ ಲೆಕ್ಕವನ್ನು ಕೇಳುಗರ ಮುಂದಿಡಬೇಕೆಂದಿದ್ದೇನೆ. ಲೆಕ್ಕ ನಮ್ಮ ನಾಡಿನದಲ್ಲ. ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿ ರಾಜ್ಯದ್ದು. 1964ರ ನವೆಂಬರಿನಲ್ಲಿ ಅಧ್ಯಕ್ಷ ಪದವಿಗೆ ನಡೆದ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್ ದೇಶದ ಒಟ್ಟು ಮತಗಳಲ್ಲಿ ಶೇಕಡಾ 61ರಷ್ಟನ್ನು ಪಡೆದು ಗೆದ್ದರು. ಮಿಸಿಸಿಪ್ಪಿ ಮಾತ್ರ ಅವರ ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಅವರಿಗೆ ಶೇಕಡಾ 87ರಷ್ಟು ಮತವಿತ್ತಿತು. ಇದೇ ರಾಜ್ಯ 1936ರಲ್ಲಿ ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟರಿಗೆ ಶೇಕಡಾ 97ರಷ್ಟು ಕೊಟ್ಟಿತ್ತು!

ಈ ಅಂಕಿಗಳನ್ನು ಮೊದಲು ಓದಿದಾಗ, ಇಡೀ ರಾಜ್ಯವೇ ಮನಸ್ಸು ಬದಲಿಸಿತೆಂದು ನಾನು ಬಗೆದೆ. ಕಾರಣವೂ ಕಣ್ಣೆದುರಿಗೇ ಇತ್ತು. ಆ ವರ್ಷದ ಜುಲೈನಲ್ಲಿ ಜಾನ್ಸನ್ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದ್ದರು. ಗೋಲ್ಡ್‌ವಾಟರ್ ಸೆನೆಟ್ಟಿನಲ್ಲಿ ಅದರ ವಿರುದ್ಧ ಮತ ನೀಡಿದ್ದರು. ಆದರೆ ಶೇಕಡಾವಾರನ್ನು ಬದಿಗಿಟ್ಟು ತಲೆಗಳನ್ನು ಎಣಿಸಿದಾಗ ನನ್ನ ಗ್ರಹಿಕೆ ನಿಲ್ಲಲಿಲ್ಲ. ಸುಮಾರು 22 ಲಕ್ಷ ಜನರಿದ್ದ ರಾಜ್ಯದಲ್ಲಿ ಬಿದ್ದ ಮತ 4 ಲಕ್ಷ 9 ಸಾವಿರ. ಜನಸಂಖ್ಯೆಯಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಕಪ್ಪು ಜನ. ಅವರ ವಯಸ್ಕರಲ್ಲಿ ಮತದಾರರ ಪಟ್ಟಿಗೆ ಸೇರಿದ್ದವರು ನೂರಕ್ಕೆ ಏಳರಷ್ಟೂ ಇರಲಿಲ್ಲ.

ಪಟ್ಟಿಗೆ ಸೇರಬೇಕಾದರೆ ರಾಜ್ಯ ಸಂವಿಧಾನದ ಒಂದು ವಿಧಿಯ ಅರ್ಥವನ್ನು ಬರೆದು ತೋರಿಸಬೇಕು. ಉತ್ತರ ಸರಿಯೋ ತಪ್ಪೋ ಎಂಬುದು ನೋಂದಣಿ ಅಧಿಕಾರಿಯ ಮರ್ಜಿ. ಅಕ್ಷರವರಿಯದ ಹಿರಿಯರು ಚಿಹ್ನೆ ನೋಡಿ ಮತ ಹಾಕುವುದನ್ನು ಕಂಡು ಬೆಳೆದ ನನಗೆ, ಅಂಥ ಪರೀಕ್ಷೆಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟವಾಯಿತು. ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ ಎಂಬ ಮಹಿಳೆ 1962ರ ಆಗಸ್ಟಿನಲ್ಲಿ ಇಂಡಿಯಾನೋಲ ಊರಿನ ಕಚೇರಿಗೆ ಹೋಗಿ ಈ ಪರೀಕ್ಷೆಗೆ ಕುಳಿತರು, ಅನುತ್ತೀರ್ಣರಾದರು. ಹೋದ ತಪ್ಪಿಗಾಗಿಯೇ, ಹದಿನೆಂಟು ವರ್ಷ ದುಡಿದ ಆ ತೋಟವನ್ನು ಬಿಟ್ಟು ಹೊರನಡೆಯಬೇಕಾಯಿತು. ಅವರು ಮತ್ತೆ ಹೋದರು. 1963ರ ಜನವರಿಯಲ್ಲಿ, ಮೂರನೆಯ ಪ್ರಯತ್ನಕ್ಕೆ, ಉತ್ತೀರ್ಣರಾದರು.

ಮತಪೆಟ್ಟಿಗೆಯ ಬಳಿಗೆ ಬಿಡದಿದ್ದಾಗ ಆ ಜನ 1963ರ ನವೆಂಬರಿನಲ್ಲಿ ತಮ್ಮದೇ ಮತಪೆಟ್ಟಿಗೆಗಳನ್ನಿಟ್ಟು ಗವರ್ನರ್ ಪದವಿಗೆ ಸಾಂಕೇತಿಕ ಚುನಾವಣೆಯೊಂದನ್ನು ನಡೆಸಿದರು. ಸುಮಾರು 80 ಸಾವಿರ ಮಂದಿ ಮತ ಹಾಕಿದರು. ಸರ್ಕಾರದ ಕಡತದಲ್ಲಿ ಆ ಮತಗಳಿಗೆ ಎಡೆಯಿಲ್ಲ. ಮರುವರ್ಷ ಜಾನ್ಸನ್ನರಿಗೆ ಅಲ್ಲಿ ದೊರೆತ ಅಧಿಕೃತ ಮತಗಳು 52,618.

1965ರಲ್ಲಿ ಮತದಾನ ಹಕ್ಕಿನ ಕಾಯಿದೆ ಬಂದಿತು, ಪರೀಕ್ಷೆ ನಿಂತಿತು. 1968ರ ಚುನಾವಣೆಯಲ್ಲಿಯೂ ಮಿಸಿಸಿಪ್ಪಿ ಗೆಲ್ಲಿಸಿದ್ದು ಜನಾಂಗ ಪ್ರತ್ಯೇಕತೆಯ ಪಕ್ಷಪಾತಿಯಾಗಿದ್ದ ಜಾರ್ಜ್ ವ್ಯಾಲೇಸರನ್ನೇ, ಶೇಕಡಾ 63ರಷ್ಟು ಮತವಿತ್ತು. ಆದರೆ ಆ ಸಲ ಬಿದ್ದ ಮತ 6 ಲಕ್ಷ 54 ಸಾವಿರ. ಸೋತ ಡೆಮಾಕ್ರಟಿಕ್ ಅಭ್ಯರ್ಥಿ ಹ್ಯೂಬರ್ಟ್ ಹಂಫ್ರಿಯವರ ಹೆಸರಿನ ಮುಂದೆ ಒಂದೂವರೆ ಲಕ್ಷವಿತ್ತು.