ಜ್ವರ ಮರೆತರೂ ರಕ್ತ ಮರೆಯುವುದಿಲ್ಲ



“ನಮಗೆ ಜ್ವರವೇ ಇಲ್ಲ, ರಕ್ತ ಯಾಕೆ ಕೊಡಬೇಕು?” ಸಮೀಕ್ಷೆಗೆ ಬಂದ ಆರೋಗ್ಯ ಕಾರ್ಯಕರ್ತರನ್ನು ಅನೇಕರು ಹೀಗೆ ಕೇಳುತ್ತಾರೆ. ಕೇಳುವುದು ನ್ಯಾಯವೇ. ಇಂದು ಅದಕ್ಕೆ ಉತ್ತರ ತಿಳಿಯೋಣ.

ಸೊಳ್ಳೆ ಕಚ್ಚಿ ಡೆಂಗ್ಯೂ ಅಥವಾ ಚಿಕುನ್‌ಗುನ್ಯಾ ವೈರಾಣು ದೇಹವನ್ನು ಸೇರಿದಾಗ, ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಮೊದಲು ಕಾಣುವ ಐಜಿಎಂ ಕೆಲವು ತಿಂಗಳಲ್ಲಿ ಇಳಿದುಹೋಗುತ್ತದೆ. ಐಜಿಜಿ ಎಂಬುದು ವರ್ಷಗಟ್ಟಲೆ ಉಳಿಯುತ್ತದೆ. ಆರೋಗ್ಯವಾಗಿರುವವರ ರಕ್ತದಲ್ಲಿ ಈ ಹಳೆಯ ಗುರುತನ್ನು ಹುಡುಕುವುದೇ ಪ್ರತಿಕಾಯ ಸಮೀಕ್ಷೆ.

ಆಸ್ಪತ್ರೆಯ ಲೆಕ್ಕಕ್ಕೆ ಸಿಗುವುದು ಆಸ್ಪತ್ರೆಗೆ ಬಂದವರು ಮಾತ್ರ. ಆದರೆ ಡೆಂಗ್ಯೂ ಸೋಂಕು ತಗಲಿದ ಹೆಚ್ಚಿನವರಿಗೆ ಜ್ವರವೇ ಕಾಣುವುದಿಲ್ಲ, ಕಂಡರೂ ಸಣ್ಣದಾಗಿ ಬಂದು ಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017–18ರಲ್ಲಿ 15 ರಾಜ್ಯಗಳಲ್ಲಿ 5ರಿಂದ 45 ವರ್ಷದೊಳಗಿನ 12,000ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿತು. ನೂರರಲ್ಲಿ ಸುಮಾರು 49 ಮಂದಿಗೆ ಆಗಲೇ ಡೆಂಗ್ಯೂ ತಗಲಿತ್ತು. 5–8 ವರ್ಷದ ಮಕ್ಕಳಲ್ಲೇ ನೂರಕ್ಕೆ 28! ದಕ್ಷಿಣ ಭಾರತದಲ್ಲಿ ಎಲ್ಲ ವಯಸ್ಸು ಸೇರಿ ನೂರಕ್ಕೆ ಸುಮಾರು 77. ಚಿಕುನ್‌ಗುನ್ಯಾ ಗುರುತು ದೇಶದಲ್ಲಿ ನೂರಕ್ಕೆ 18 ಮಂದಿಯಲ್ಲಿದ್ದರೆ, ದಕ್ಷಿಣದಲ್ಲಿ 43 ಮಂದಿಯಲ್ಲಿತ್ತು. 2006ರಲ್ಲಿ ಆ ಜ್ವರ ಕರ್ನಾಟಕದ ಹಳ್ಳಿಗಳಲ್ಲಿ ಕೀಲು ಹಿಡಿದು ಜನರನ್ನು ಮಲಗಿಸಿದ್ದು ಹಿರಿಯರಿಗೆ ನೆನಪಿರಬಹುದು.

“ಒಮ್ಮೆ ಬಂದು ಹೋಯಿತು, ಇನ್ನೇನು ಭಯ?” ಎನ್ನಬೇಡಿ. ಡೆಂಗ್ಯೂ ವೈರಾಣುವಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದುಹೋದರೆ ಅದೊಂದರಿಂದ ಮಾತ್ರ ದೀರ್ಘಕಾಲ ರಕ್ಷಣೆ. ಮುಂದೆ ಬೇರೆ ಬಗೆ ತಗಲಿದಾಗ, ಹಳೆಯ ಪ್ರತಿಕಾಯವೇ ವೈರಾಣು ಜೀವಕೋಶದೊಳಗೆ ನುಗ್ಗಲು ದಾರಿ ಮಾಡಿಕೊಡಬಹುದು. ಆದ್ದರಿಂದ ಎರಡನೆಯ ಡೆಂಗ್ಯೂ ಹೆಚ್ಚು ಅಪಾಯಕಾರಿ. ನಮ್ಮ ಭಾಗದ ಬಹಳ ಜನರಿಗೆ ಮುಂದೆ ಬರುವ ಡೆಂಗ್ಯೂ ಮೊದಲನೆಯದಾಗಿರುವುದಿಲ್ಲ.

ಲಸಿಕೆಗೂ ಈ ಲೆಕ್ಕ ಬೇಕು. ಫಿಲಿಪ್ಪೀನ್ಸ್ ದೇಶದಲ್ಲಿ 2016ರಲ್ಲಿ ಶಾಲಾ ಮಕ್ಕಳಿಗೆ ಡೆಂಗ್ಯೂ ಲಸಿಕೆ ಹಾಕಲಾಯಿತು. ಹಿಂದೆ ಸೋಂಕೇ ತಗಲದ ಮಕ್ಕಳಿಗೆ ಆ ಲಸಿಕೆಯ ನಂತರ ಡೆಂಗ್ಯೂ ಬಂದರೆ ತೀವ್ರವಾಗುವ ಅಪಾಯ ಹೆಚ್ಚೆಂದು 2017ರಲ್ಲಿ ತಿಳಿದು, ಕಾರ್ಯಕ್ರಮ ನಿಲ್ಲಿಸಬೇಕಾಯಿತು. ಇಂಥ ಲಸಿಕೆಯನ್ನು ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂದು ಅರಿಯಲು ನಿಮ್ಮ ಸ್ವಲ್ಪ ರಕ್ತ ನೆರವಾಗುತ್ತದೆ.

ಆದ್ದರಿಂದ ಇವನ್ನು ನೆನಪಿಡಿ:

1. ಸಮೀಕ್ಷೆಯವರು ಬಂದಾಗ ಉದ್ದೇಶ ಕೇಳಿ ತಿಳಿದುಕೊಂಡು ಒಪ್ಪಿಗೆ ಕೊಡಿ. ಒಪ್ಪುವುದು, ಬಿಡುವುದು ನಿಮ್ಮ ಹಕ್ಕು.

2. ವರದಿಯಲ್ಲಿ ಐಜಿಜಿ ಇದ್ದ ಮಾತ್ರಕ್ಕೆ ಈಗ ಕಾಯಿಲೆ ಇದೆಯೆಂದು ಹೆದರಬೇಡಿ. ವೈದ್ಯರಿಗೆ ತೋರಿಸಿ.

3. ಜ್ವರ ಬಂದರೆ, ಹಿಂದೆ ಡೆಂಗ್ಯೂ ಆಗಿದ್ದನ್ನು ತಪ್ಪದೆ ಹೇಳಿ. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ನೀವಾಗಿ ನುಂಗಬೇಡಿ.

4. ಜ್ವರ ಇಳಿಯುವ ಹೊತ್ತೇ ಎಚ್ಚರದ ಹೊತ್ತು. ತೀವ್ರ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ.

5. ತೊಟ್ಟಿ, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ ತೊಳೆದು, ಮುಚ್ಚಿಡಿ. ಹಳೆಯ ಟೈರು, ತೆಂಗಿನ ಚಿಪ್ಪುಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ.

ಇದನ್ನು ಮನೆಯವರಿಗೂ ನೆರೆಯವರಿಗೂ ಓದಿ ಹೇಳಿ.