ಮೂಗು, ಹಲ್ಲು ಮತ್ತು ಮಾನ

ಕನ್ನಡದಲ್ಲಿ ‘ಮುಖಭಂಗ’ ಎಂಬ ಮಾತಿದೆ. ಮುಖಕ್ಕೆ ಏಟು ಬಿದ್ದವರಿಗೆ ಅದನ್ನು ಯಾರೂ ಹೇಳುವುದಿಲ್ಲ. ನಾಲ್ಕು ಜನರ ಎದುರು ಮಾನ ಕಳೆದುಕೊಂಡವರಿಗೆ ಹೇಳುತ್ತಾರೆ. ತಪ್ಪು ಮಾಡಿದವನು ಊರಿಗೆ ಮುಖ ತೋರಿಸಲಾರ, ಇಷ್ಟವಿಲ್ಲದವರು ಮೂಗು ಮುರಿಯುತ್ತಾರೆ, ಸಾಲಗಾರ ಹಲ್ಲು ಗಿಂಜುತ್ತಾನೆ. ಮುಖ ಎನ್ನುವುದು ಮೈಯ ಒಂದು ಭಾಗ ಮಾತ್ರವಲ್ಲ, ಜನರ ನಡುವೆ ಮನುಷ್ಯನಿಗಿರುವ ಜಾಗವೂ ಹೌದು ಎಂದು ಭಾಷೆ ಬಹಳ ಹಿಂದೆಯೇ ಕಂಡುಕೊಂಡಿದೆ. ಹಾಗಿರುವಾಗ, ಮುಖವನ್ನು ಸರಿಪಡಿಸಿಕೊಳ್ಳಲು ವೈದ್ಯರ ಬಳಿ ಹೋಗುವವರನ್ನು ‘ಶೋಕಿ’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಕೋಲಾರದ ಕಡೆಯ ಒಂದು ಹೆದ್ದಾರಿಯಿಂದ ಹೊರಡಬಹುದು.

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ ದೇವರಾಯಸಮುದ್ರ ಸಿಗುತ್ತದೆ. ಇಂದು ಇದು ಬೆಂಗಳೂರು-ಚೆನ್ನೈ ನಡುವಿನ ಲಾರಿ, ಬಸ್ಸುಗಳ ದಾರಿ. ಘಟ್ಟದ ಕೆಳಗಿನಿಂದ ಮೈಸೂರು ಸೀಮೆಗೆ ಏರಿ ಬರುವ ಸೈನ್ಯಗಳೂ ಹಿಂದೆ ಇದೇ ದಿಕ್ಕಿನಿಂದ ಬಂದವು. 1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೇನೆ ಮುಗಳಿ ಕಣಿವೆ ಹತ್ತಿ, ಮುಳಬಾಗಿಲು, ಕೋಲಾರ, ಹೊಸಕೋಟೆಗಳನ್ನು ದಾಟಿ ಬೆಂಗಳೂರಿನ ಕೋಟೆಯತ್ತ ನಡೆಯಿತು. ಆ ಕಾಲದ ಸೈನ್ಯ ಎಂದರೆ ಸಿಪಾಯಿಗಳಿಗಿಂತ ಹೆಚ್ಚಾಗಿ ಎತ್ತುಗಳು. ಅಕ್ಕಿ, ಮದ್ದುಗುಂಡು, ಡೇರೆ ಎಲ್ಲವೂ ಎತ್ತಿನ ಬೆನ್ನಿನ ಮೇಲೆ ಅಥವಾ ಗಾಡಿಯಲ್ಲಿ ಸಾಗಬೇಕು. ಎತ್ತು ನಿಂತರೆ ಯುದ್ಧವೇ ನಿಂತಂತೆ. ಹಾಗಾಗಿ ಎದುರಾಳಿಯ ಕಣ್ಣು ಎತ್ತು ಹೊಡೆಯುವವರ ಮೇಲೂ ಬೀಳುತ್ತಿತ್ತು.

ಅದೇ ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತು ಹೊಡೆಯುತ್ತಿದ್ದ ಒಬ್ಬ ಮನುಷ್ಯನ ಹೆಸರು ವೈದ್ಯಕೀಯ ಚರಿತ್ರೆಯಲ್ಲಿ ಉಳಿದಿದೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ ಒಂದು ಪತ್ರವನ್ನು ಪ್ರಕಟಿಸಿತು. ಅದರ ಪ್ರಕಾರ ಕೊವಾಸ್‌ಜಿ ಎಂಬ ಮರಾಠಾ ಒಕ್ಕಲಿಗ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಆತ ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೇನೆಯನ್ನು ಸೇರಿಕೊಂಡ. ಮುಂದೆ ಕಂಪನಿಯ ಪಿಂಚಣಿಯೂ ಸಿಕ್ಕಿತು. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ ಮೇಲೆ, ಪುಣೆಯ ಸಮೀಪದ ಒಬ್ಬನಿಂದ ಹೊಸ ಮೂಗು ಕಟ್ಟಿಸಿಕೊಂಡ.

ಆ ವೈದ್ಯ ಇಟ್ಟಿಗೆ ಮಾಡುವ ಜಾತಿಯವನಂತೆ. ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಮೋಟಿನ ಮೇಲಿಟ್ಟು ಮೂಗಿನ ಆಕಾರಕ್ಕೆ ತಂದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿ, ಇಡೀ ಚರ್ಮವನ್ನು ತಿರುಚಿ ಕೆಳಕ್ಕೆ ತಂದು ಮೂಗಿನ ಜಾಗದಲ್ಲಿ ಕೂರಿಸಿದ. ಉಳಿಸಿದ ಪಟ್ಟಿಯ ಮೂಲಕ ರಕ್ತ ಹರಿಯುತ್ತಲೇ ಇರುವುದರಿಂದ ಚರ್ಮ ಸಾಯುವುದಿಲ್ಲ. ಅಂಟಿಸಲು ಕಾಚಿನ ಲೇಪ, ಆಮೇಲೆ ತುಪ್ಪ ಸವರಿದ ಬಟ್ಟೆ. ಹೊಸ ಜಾಗದಲ್ಲಿ ಚರ್ಮ ಬೇರೂರಿದ ಬಳಿಕ, ಸುಮಾರು 25ನೆಯ ದಿನ ಆ ಪಟ್ಟಿಯನ್ನು ಕಡಿಯುತ್ತಿದ್ದರು. ಇಬ್ಬರು ಇಂಗ್ಲಿಷ್ ವೈದ್ಯರು ಇಂಥ ಚಿಕಿತ್ಸೆಯನ್ನು ಕಣ್ಣಾರೆ ನೋಡಿದ್ದರೆಂದೂ, ಭಾರತದಲ್ಲಿ ಇದು ಅಪರೂಪದ ವಿದ್ಯೆಯಲ್ಲವೆಂದೂ ಪತ್ರ ಹೇಳಿತು. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಬರೆದ ಕೊವಾಸ್‌ಜಿಯ ಚಿತ್ರವೂ ಜೊತೆಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೊವಾಸ್‌ಜಿ ಕಳೆದುಕೊಂಡದ್ದು ಎರಡು: ಒಂದು ಕೈ, ಒಂದು ಮೂಗು. ಎತ್ತಿನ ಹಗ್ಗ ಹಿಡಿಯುವವನಿಗೆ ಬೇಕಾದದ್ದು ಕೈ. ಹೋದ ಕೈಯನ್ನು ಮರಳಿ ಕೊಡುವ ವಿದ್ಯೆ ಆಗ ಇರಲಿಲ್ಲ. ಮೂಗನ್ನು ಕೊಡುವ ವಿದ್ಯೆ ಇತ್ತು. ಮೂಗು ಬಂದದ್ದರಿಂದ ಅವನ ದುಡಿಮೆ ಹೆಚ್ಚಲಿಲ್ಲ. ಆದರೂ ಅದಕ್ಕಾಗಿ ಹಣೆಯ ಚರ್ಮವನ್ನು ಸುಲಿಸಿಕೊಳ್ಳುವ ನೋವನ್ನು, ಅದೂ ಅರಿವಳಿಕೆ ಇಲ್ಲದ ಕಾಲದಲ್ಲಿ, ಅವನು ಸಹಿಸಿದ. ಯಾಕೆಂದರೆ ಮೂಗು ಕೊಯ್ಯುವುದು ಕೊಲ್ಲುವ ಶಿಕ್ಷೆಯಲ್ಲ, ಬದುಕಿರುವಷ್ಟು ದಿನವೂ ನಾಚಿಸುವ ಶಿಕ್ಷೆ. ಶೂರ್ಪನಖಿಯ ಕಥೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. 17ನೆಯ ಶತಮಾನದ ನಡುವೆ ಮೈಸೂರಿಗೂ ಮಧುರೆಗೂ ನಡೆದ ಕಾದಾಟಕ್ಕೆ ‘ಮೂಗು ಕೊಯ್ಯುವ ಯುದ್ಧ’ ಎಂದೇ ಹೆಸರು ಬಂತು. ಮೈಸೂರಿನವರು ಕೊಯ್ದರು, ಮಧುರೆಯವರು ತಿರುಗಿಬಿದ್ದು ಅವರೂ ಕೊಯ್ದರು. ಇಂಥ ನಾಡಿನಲ್ಲಿ ಮೂಗು ಕಟ್ಟುವವರಿಗೆ ಕೆಲಸ ಕಡಿಮೆ ಇರಲಿಲ್ಲ.

ಎಲೆಯೊಂದನ್ನು ಮೂಗಿನ ಅಳತೆಗೆ ತೆಗೆದುಕೊಂಡು, ಅದೇ ಅಳತೆಯ ಚರ್ಮವನ್ನು ಕೆನ್ನೆಯಿಂದ ಎತ್ತಿ ಕೂಡಿಸುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಉಸಿರಾಟಕ್ಕೆ ಎರಡು ನಳಿಗೆಗಳನ್ನು ಇಡಬೇಕೆಂದೂ ಅದು ಹೇಳುತ್ತದೆ. ಪುಣೆಯ ಬಳಿಯ ಕೆಲಸಗಾರ ಹಣೆಯ ಚರ್ಮವನ್ನು ಬಳಸಿದ. ಅವನ ಕಸುಬು ಮಣ್ಣಿಗೆ ರೂಪ ಕೊಡುವುದು. ‘ಪ್ಲಾಸ್ಟಿಕ್ ಸರ್ಜರಿ’ಯ ಪ್ಲಾಸ್ಟಿಕ್ ಎಂಬುದು ಬಕೆಟ್ಟು ಕೊಡಗಳ ಪ್ಲಾಸ್ಟಿಕ್ ಅಲ್ಲ, ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು ಎಂಬುದನ್ನು ನೆನೆದರೆ ಈ ಹೊಂದಾಣಿಕೆ ಸೊಗಸಾಗಿದೆ. ಆ ಪತ್ರವನ್ನು ಓದಿದ್ದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಹಣೆಯ ಚರ್ಮದಿಂದ ಮೂಗು ಕಟ್ಟಿ, 1816ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಹಣೆಯ ಚರ್ಮದ ಈ ವಿಧಾನವನ್ನು ವೈದ್ಯರು ಇಂದಿಗೂ ಬಳಸುತ್ತಾರೆ.

ಅಲ್ಲಿಯವರೆಗೆ ಇಂಥ ಚಿಕಿತ್ಸೆ ಹೆಚ್ಚಾಗಿ ಗಾಯದಿಂದಲೋ ರೋಗದಿಂದಲೋ ಮೂಗು ಕೆಟ್ಟವರಿಗೆ. 1898ರಲ್ಲಿ ಬರ್ಲಿನ್ನಿನ ವೈದ್ಯ ಜಾಕ್ ಜೋಸೆಫ್ ಇನ್ನೊಂದು ಹೆಜ್ಜೆ ಇಟ್ಟ. ಅವನ ಬಳಿ ಬಂದ ತರುಣನ ಮೂಗಿಗೆ ರೋಗವೂ ಇರಲಿಲ್ಲ, ಗಾಯವೂ ಇರಲಿಲ್ಲ, ದೊಡ್ಡದಾಗಿತ್ತು, ಅಷ್ಟೇ. ಜನ ನೋಡುತ್ತಾರೆಂದು ಆತ ಮನೆಯಿಂದ ಹೊರಗೆ ಬರಲು ಅಂಜುತ್ತಿದ್ದ. ಜೋಸೆಫ್ ಮೂಗನ್ನು ಚಿಕ್ಕದು ಮಾಡಿದ. ಆತನ ಅಂಜಿಕೆ ಹೋಯಿತು. ಮನಸ್ಸಿನ ನೋವೂ ಚಾಕು ಹಿಡಿಯಲು ಸಾಕಾದ ಕಾರಣವೇ ಎಂಬ ವಾದ ಅಂದಿನಿಂದ ಮುಗಿದಿಲ್ಲ.

ಆ ವಾದ ಕರ್ನಾಟಕದ ಮನೆಬಾಗಿಲಿಗೂ ಬಂದಿದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿಯೊಬ್ಬಳು ತೀರಿಕೊಂಡಳು. ಮನೆಯವರಿಗೆ ತಿಳಿಸದೆ ಆಕೆ ಹೋಗಿದ್ದಳೆಂದು ವರದಿಯಾಯಿತು. ಇದ್ದುದರಲ್ಲಿ ತೃಪ್ತಿಪಡಬಾರದಿತ್ತೇ ಎಂದು ಕೇಳುವುದು ಸುಲಭ. ಆದರೆ ಪರದೆಯ ಮೇಲಿನ ಮೈಯನ್ನು ಇಂಚಿಂಚು ಅಳೆಯುವ ಕಣ್ಣುಗಳು ಯಾರವು? ವಧು ಬೇಕೆಂಬ ಜಾಹೀರಾತಿನಲ್ಲಿ ಮೈಬಣ್ಣವನ್ನು ಬರೆಸುವವರು ಯಾರು? ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮು 1975ರಲ್ಲಿ ಬಂತು. ಆ ಹೆಸರಿನ ‘ಫೇರ್’ ಅಳಿಸಲು 2020ರ ತನಕ ಕಾಯಬೇಕಾಯಿತು. ಕೊವಾಸ್‌ಜಿಯ ಮೂಗು ಕೊಯ್ದ ಕತ್ತಿ ಎಲ್ಲರಿಗೂ ಕಾಣುತ್ತಿತ್ತು. ಈಗಿನ ಕತ್ತಿ ಕಾಣುವುದಿಲ್ಲ, ಆದ್ದರಿಂದ ತಪ್ಪೆಲ್ಲ ಗಾಯಗೊಂಡವರ ತಲೆಗೇ ಬರುತ್ತದೆ.

ಇದಕ್ಕೆ ಅತ್ಯಂತ ಸರಿಯಾದ ಉದಾಹರಣೆ ಮುಳಬಾಗಿಲು ತಾಲ್ಲೂಕಿನಲ್ಲೇ ಇದೆ. ಇಲ್ಲಿನ ಹಲವು ಊರುಗಳಲ್ಲಿ ಕಂದು ಗೆರೆ ಬಿದ್ದ ಹಲ್ಲಿನವರು ಕಾಣಸಿಗುತ್ತಾರೆ. ಅಂಥವರು ನಗುವಾಗ ಕೈ ಬಾಯಿಗೆ ಅಡ್ಡ ಬರುತ್ತದೆ. ಫೋಟೋಕ್ಕೆ ನಿಂತರೆ ತುಟಿ ಬಿಗಿಯುತ್ತದೆ. ನೋಡಿದವರು ಹಲ್ಲುಜ್ಜುವುದಿಲ್ಲವೆಂದೋ ಎಲೆಅಡಿಕೆಯ ಚಟವೆಂದೋ ತಿಳಿಯುತ್ತಾರೆ. ನಿಜವಾದ ಕಾರಣ ನೀರಿನಲ್ಲಿರುವ ಫ್ಲೋರೈಡ್. ದೇವರಾಯಸಮುದ್ರದ ಹೆಸರೇ ಹೇಳುವಂತೆ ಇದು ಕೆರೆಗಳ ಸೀಮೆ. ದೊಡ್ಡ ಕೆರೆಯನ್ನು ಹಿಂದಿನವರು ಸಮುದ್ರವೆಂದೇ ಕರೆದರು. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಕೊಳವೆ ಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದಾಗ, ಗಟ್ಟಿ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರು ಮೇಲೆ ಬಂತು. ಕಲ್ಲಿನ ಫ್ಲೋರೈಡ್ ಅದರೊಡನೆ ಬಂತು.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ಮಕ್ಕಳು ಸುಮಾರು ಎಂಟು ವರ್ಷದೊಳಗೆ, ಅಂದರೆ ದವಡೆಯೊಳಗೆ ಶಾಶ್ವತ ಹಲ್ಲು ರೂಪುಗೊಳ್ಳುವಾಗ, ಕುಡಿಯುತ್ತ ಬಂದರೆ ಹಲ್ಲಿನ ಹೊರಪದರವೇ ಕೆಡುತ್ತದೆ. ಕಲೆ ಹಲ್ಲಿನ ಒಳಗಿರುವುದರಿಂದ ಬೇವಿನಕಡ್ಡಿಗಾಗಲಿ ಪೇಸ್ಟಿಗಾಗಲಿ ಅದು ಹೋಗುವುದಿಲ್ಲ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಅಮೆರಿಕದ ಕೊಲರಾಡೊದಲ್ಲಿ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಇಂಥದೇ ಹಲ್ಲುಗಳನ್ನು ಕಂಡು ಬೆರಗಾದ. ಕಾರಣ ಫ್ಲೋರೈಡ್ ಎಂದು ಗೊತ್ತಾಗಲು 1931 ಬರಬೇಕಾಯಿತು. ಆಂಧ್ರದ ನೆಲ್ಲೂರಿನ ಕಡೆ ಇದು ಮೂಳೆಗಳನ್ನೂ ಬಗ್ಗಿಸುತ್ತದೆ ಎಂಬ ವರದಿ 1937ರಲ್ಲಿ ಬಂತು.

ಕಲೆಯಾದ ಹಲ್ಲಿಗೆ ಇಂದು ಉಪಾಯಗಳಿವೆ. ತೆಳುವಾದ ಕಲೆಯಾದರೆ ಮೇಲ್ಪದರವನ್ನು ಉಜ್ಜಿ ತೆಗೆಯುತ್ತಾರೆ, ಬಿಳುಪು ಮಾಡುತ್ತಾರೆ. ಹೆಚ್ಚಾಗಿದ್ದರೆ ಮೇಲೆ ತೆಳುವಾದ ಹೊದಿಕೆ ಅಂಟಿಸುತ್ತಾರೆ ಅಥವಾ ಕ್ಯಾಪ್ ಹಾಕುತ್ತಾರೆ. ಪುಸ್ತಕದ ಲೆಕ್ಕದಲ್ಲಿ ಇದು ಸೌಂದರ್ಯ ಚಿಕಿತ್ಸೆ. ಕೂಲಿಯ ದುಡ್ಡು ಉಳಿಸಿ ಮದುವೆಗೆ ಮುಂಚೆ ಮಗಳ ಮುಂದಿನ ಹಲ್ಲುಗಳನ್ನು ಸರಿಮಾಡಿಸುವ ತಂದೆಗೆ ಅದು ಸೌಂದರ್ಯವೂ ಅಲ್ಲ, ಶೋಕಿಯೂ ಅಲ್ಲ. ಕೊವಾಸ್‌ಜಿ ಪುಣೆಯ ದಾರಿ ಹಿಡಿದದ್ದು ಯಾಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಚಿಕಿತ್ಸೆಯನ್ನು ಬಯಸುವವರಿಗೆ ಎರಡು ಮಾತು ತಿಳಿದಿರಬೇಕು. ಯಾವ ಶಸ್ತ್ರಚಿಕಿತ್ಸೆಯೂ ಅಪಾಯವಿಲ್ಲದ್ದಲ್ಲ. ತರಬೇತಿ ಪಡೆದ ವೈದ್ಯರು, ತುರ್ತು ಸೌಲಭ್ಯ ಇರುವ ಆಸ್ಪತ್ರೆ, ಮನೆಯವರ ತಿಳಿವಳಿಕೆ ಇಲ್ಲದೆ ಅದಕ್ಕೆ ಕೈಹಾಕಬಾರದು. ಇನ್ನೊಂದು, ಮುಖ ಬದಲಾದ ಮಾತ್ರಕ್ಕೆ ನೋಡುವವರ ಕಣ್ಣು ಬದಲಾಗುವುದಿಲ್ಲ. ನೋಡುವವರಿಗೂ ಒಂದು ಮಾತಿದೆ: ಆ ಕಣ್ಣು ತಮ್ಮದು. ಊರಿನ ಪಾಲಿಗಂತೂ ಕೆಲಸ ಸ್ಪಷ್ಟವಾಗಿದೆ. ಎಂಟು ವರ್ಷ ತುಂಬುವವರೆಗೆ ಮಗುವಿಗೆ ಒಳ್ಳೆಯ ನೀರು ಕೊಟ್ಟರೆ ಮುಂದೆ ಆ ಹಲ್ಲಿಗೆ ಹೊದಿಕೆ ಬೇಡ, ನಗುವಿಗೆ ಅಡ್ಡ ಹಿಡಿಯಲು ಕೈಯೂ ಬೇಡ.